ಉಸಿರೆಳೆದು ಹೇಳುವ ‘ಬ’

“ನಿಲ್ಲಿಸಿ ಮಾಸ್ಟ್ರೇ! ಇದು ಯಾವ ‘ಬ’?”

ತರಗತಿಯ ಬಾಗಿಲಲ್ಲೇ ನಿಂತು ಮರುದೇವಿ ಟೀಚರ್ ಕೇಳಿದಳು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು.

1956ರ ಮೂಡುಬಿದಿರೆ. ಹಿಂದಿ ಕಲಿಸಲು ತಿಲೋಕ್‌ಚಂದ್ ಈ ಶಾಲೆಗೆ ಬಂದು ಆಗಿನ್ನೂ ವಾರವಾಗಿತ್ತು. ‘ಬಚ್ಚಾ’ ಎನ್ನುವಾಗ ಅವನ ‘ಬ’ ಹೊರಗೆ ಬರುತ್ತಲೇ ಇರಲಿಲ್ಲ. ಗುಟುಕು ನೀರಿನಂತೆ ಒಳಗಿಳಿಯುತ್ತಿತ್ತು.

ಅವನು ಸಿಟ್ಟಾಗಲಿಲ್ಲ.

“ನಮ್ಮದು ಮುಲ್ತಾನ್ ಕಡೆಯ ಪಂಜಾಬಿ, ಟೀಚರ್. ನಮ್ಮಲ್ಲಿ ಬ, ಡ, ಜ, ಗ ಎರಡೆರಡು ಬಗೆ ಉಂಟು. ಒಂದನ್ನು ಉಸಿರು ಬಿಟ್ಟು ಹೇಳ್ತೇವೆ, ಇನ್ನೊಂದನ್ನು ಒಳಗೆಳೆದು.”

“ಉಸಿರು ಒಳಗೆಳೆದು ಮಾತಾಡುವುದುಂಟಾ ಮಾರಾಯ್ರೆ? ನಾಲಗೆ ತಿರುಗದ್ದಕ್ಕೆ ಒಳ್ಳೆ ನೆಪ!”

ಅಂದು ಅವಳು ನಂಬಲಿಲ್ಲ. ಆದರೆ ಬರಬರುತ್ತಾ ಆ ಧ್ವನಿ ಕೇಳದ ದಿನ ಅವಳಿಗೆ ಏನೋ ಕಳೆದುಕೊಂಡಂತಾಗುತ್ತಿತ್ತು. ಸಂಜೆ ಬಸ್ಸಿಗೆ ಕಾಯುವಾಗ ಅವನು ಊರಿನ ಸುದ್ದಿ ಹೇಳುತ್ತಿದ್ದ. ದೇಶ ಒಡೆದಾಗ ತಾಯಿಯ ಕೈ ಹಿಡಿದು ಹೊರಟದ್ದು, ಆರೇಳು ವರ್ಷದ ಹಿಂದೆ ಬಸದಿಯ ದರ್ಶನಕ್ಕೆಂದು ಬಂದ ತಾಯಿ ಇಲ್ಲೇ ಉಳಿಯುವ ಅಂದದ್ದು...

ಆಮೇಲೆ ಆ ದಿನ ಬಂತು.

“ಏನು ಮರುದೇವಿ, ಪಂಜಾಬಿ ಮಾಸ್ಟ್ರ ಮೇಲೆ ಮನಸ್ಸುಂಟಾ?” ಟೀಚರ್‌ಗಳ ಕೋಣೆಯಲ್ಲಿ ರಾಜೀವಿ ಕೆಣಕಿದಳು.

ಮುಖ ಕೆಂಪೇರಿತು. ಅದನ್ನು ಮುಚ್ಚಲು ಮರುದೇವಿ ಕೆನ್ನೆ ಉಬ್ಬಿಸಿ ಅವನ ‘ಬ’ವನ್ನು ಅಣಕಿಸಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

“ಮಕ್ಕಳಿಗೂ ಇದೇ ಉಚ್ಚಾರ ಬರ್ತದೋ ಏನೋ?” ಹೆಡ್‌ಮಾಸ್ಟ್ರು ವೆಂಕಪ್ಪ ಕೇಳಿದರು.

“ಬರ್ತದೆ ಸರ್,” ಎಂದುಬಿಟ್ಟಳು!

ತಿರುಗಿ ನೋಡಿದರೆ ಬಾಗಿಲಲ್ಲಿ ತಿಲೋಕ್‌ಚಂದ್... ಅವನು ಬಂದ ದಾರಿಯಲ್ಲೇ ಹಿಂತಿರುಗಿದ. ಮರುವರ್ಷ ಶಾಲೆ ಅವನನ್ನು ಮುಂದುವರಿಸಲಿಲ್ಲ.

‘ನನ್ನ ಮನಸ್ಸು ಮುಚ್ಚಿಡಲಿಕ್ಕೆ ಅವರ ಅನ್ನ ಕಿತ್ತುಕೊಂಡೆನಲ್ಲ...’ ಕೊನೆಗೆ ಹೆಡ್‌ಮಾಸ್ಟ್ರ ಮುಂದೆ ತಪ್ಪೊಪ್ಪಿಕೊಂಡಳು. ಬೇರೆಯವರು ಬಂದಾಗಿದೆ ಎಂದು ಅವರು ಕೈಚೆಲ್ಲಿದರು.

ಅವನು ಬಂಟ್ವಾಳ ಪೇಟೆಯ ಜವಳಿ ಅಂಗಡಿಯಲ್ಲಿದ್ದಾನೆಂದು ತಿಳಿದು, ಒಂದು ಭಾನುವಾರ ಅವನ ಮನೆ ಹುಡುಕಿಕೊಂಡು ಹೋದಳು.

ಬಾಗಿಲು ತೆರೆದದ್ದು ಅವನ ತಾಯಿ. ಯಾರೆಂದು ಕೇಳದೆಯೇ ಕೂರಿಸಿ ಮಜ್ಜಿಗೆ ಕೊಟ್ಟರು. ಮಗನ ಶಾಲೆಯವಳೆಂದು ತಿಳಿದ ಮೇಲೆ ಹರುಕು ಹಿಂದಿಯಲ್ಲಿ ಹೇಳಿದರು:

“ಅವನಿಗೆ ಏನಾಯಿತು ಮಗಳೇ? ಈಗ ನನ್ನ ಹತ್ತಿರವೂ ಹಿಂದಿಯಲ್ಲೇ ಮಾತಾಡ್ತಾನೆ. ಈ ಊರಲ್ಲಿ ನನ್ನ ಮಾತಿಗೆ ಅವನೊಬ್ಬನೇ ಇದ್ದದ್ದು...”

ಮರುದೇವಿ ಲೋಟ ಕೆಳಗಿಟ್ಟಳು. ಕೆಲಸ ಹೋದದ್ದಷ್ಟೇ ಅಲ್ಲ! ಒಬ್ಬ ತಾಯಿಗೆ ಮಗನ ಮಾತನ್ನೇ ಇಲ್ಲವಾಗಿಸಿದ್ದಳು.

ಅಷ್ಟರಲ್ಲಿ ತಿಲೋಕ್‌ಚಂದ್ ಒಳಬಂದ.

“ಟೀಚರ್... ನೀವು?”

“ಹೆಡ್‌ಮಾಸ್ಟ್ರಿಗೆ ಹಾಗೆ ಹೇಳಿದ್ದು ನಾನು.”

“ಗೊತ್ತುಂಟು.”

“ಒಂದು ಮಾತು ಬೈಯಿರಿ!”

“ಬೇರೆ ಯಾರು ನಕ್ಕಿದ್ದರೂ ಮರೆತುಬಿಡ್ತಿದ್ದೆ,” ಅವನ ಸ್ವರ ಒಡೆಯಿತು. “ನೀವು ನಕ್ಕಿರಿ. ಮತ್ತೆ ಆ ಅಕ್ಷರ ಬಾಯಿಗೆ ಬರಲಿಲ್ಲ.”

ಮರುದೇವಿಯ ಕಣ್ಣೀರು ಕೆನ್ನೆಗಿಳಿಯಿತು.

“ನಾನು ನಕ್ಕದ್ದು ನಿಮ್ಮ ಮೇಲಿನ ಪ್ರೀತಿ ಯಾರಿಗೂ ಕಾಣಬಾರದು ಅಂತ. ಹೆದರಿಕೆ ನನ್ನದು, ಪೆಟ್ಟು ನಿಮಗಾಯಿತು. ಕ್ಷಮಿಸದಿದ್ದರೂ ಸರಿ. ಅಮ್ಮನ ಮಾತು ನನಗೆ ಕಲಿಸ್ತೀರಾ? ಅವರ ಹತ್ತಿರ ಮಾತಾಡಲಿಕ್ಕೆ ಒಬ್ಬಳಾದರೂ ಇರಲಿ.”

ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

“ಅದು ಬಂದುಹೋಗಿ ಕಲಿಯುವಂಥದ್ದಲ್ಲ. ಈ ಮನೆಯಲ್ಲೇ ಇರಬೇಕಾಗ್ತದೆ.”

“ಇರ್ತೇನೆ.”

ತಿಲೋಕ್‌ಚಂದ್ ತಾಯಿಯ ಕಡೆ ತಿರುಗಿದ. ಉಸಿರು ಒಳಗೆಳೆದು, ತಡವರಿಸುತ್ತಾ, ತನ್ನೂರ ಮಾತಿನಲ್ಲಿ ಏನೋ ಹೇಳಿದ. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದರು. ಆಮೇಲೆ ಮರುದೇವಿಯ ತಲೆ ಸವರಿದರು.

“ಏನಂದಿರಿ?”

“ಸೊಸೆ ಬಂದಿದ್ದಾಳೆ ಅಂದೆ.”

ಅವಳು ತಲೆ ತಗ್ಗಿಸಿದಳು. “ನಮ್ಮೂರು ನಾರಾವಿಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಬೇಕು. ನಾನು ಮಾಡಿದ್ದನ್ನೂ...”

“ಒಬ್ಬಳೇ ಬೇಡ, ಮರುದೇವಿ,” ಎಂದ ಅವನು, ಮೊದಲ ಬಾರಿ ಟೀಚರ್ ಎನ್ನದೆ. “ಒಟ್ಟಿಗೆ ಹೋಗುವ.”