ಎಂಟನೆಯ ಅಂಕಿಗೆ ಜಾಗವಿಲ್ಲ

"ನೀವು ಅಂಕಿ ಹೊಡೆಯೋವಾಗ ನಾನು ಇಲ್ಲೇ ನಿಂತು ನೋಡಬಹುದಾ?"

ಅವಳ ಕೈಯ ಸುತ್ತಿಗೆ ಗಾಳಿಯಲ್ಲೇ ನಿಂತಿತು.

ಎದುರಿನ ಶಾಲೆಯ ಲೆಕ್ಕದ ಮೇಷ್ಟ್ರು! ಆರು ತಿಂಗಳಿಂದ ಅವಳು ಹೆಸರುಫಲಕದ ಅಂಗಡಿಯ ಕಿಟಕಿಯಿಂದಲೇ ನೋಡುತ್ತಿದ್ದವನು, ತೋಳಿನ ತುಂಬ ಸೀಮೆಸುಣ್ಣ ಮೆತ್ತಿಕೊಂಡು ಇಂದು ಎದುರಿಗೇ ನಿಂತಿದ್ದ. ಅವನು ಕೊಟ್ಟ ಚೀಟಿಯಲ್ಲಿ ಹೆಸರಿರಲಿಲ್ಲ.

ಬರೀ 73939133.

ಎಂಟು ಅಂಕಿ... ಯಾರದೋ ಮನೆಯ ಫೋನ್ ನಂಬರು. ಯಾರದೆಂದು ಕೇಳಿದ್ದಕ್ಕೆ, ತನಗೆ ತುಂಬ ಇಷ್ಟವಾದದ್ದು ಎಂದು ನಾಚಿದ. ಅವಳು ಚೀಟಿಯನ್ನು ಮತ್ತೊಮ್ಮೆ ಓದಿದಳು. 'ಹಿತ್ತಾಳೆಯಲ್ಲಿ ಹೊಡೆಸಿ ಗೋಡೆಗೆ ಹಾಕಿಕೊಳ್ಳುವಷ್ಟು ಪ್ರೀತಿ! ಯಾವಳೋ ಪುಣ್ಯವಂತೆ.'

ಫಲಕ ಮಾಡುವ ಚಿಕ್ಕಪ್ಪ ಅವಳಿಗೆ ಕಲಿಸಿದ ಮೊದಲ ಪಾಠ ಒಂದೇ: ನಡುವಿನಿಂದ ಗುರುತು ಹಾಕಿಕೊಂಡು ಎರಡೂ ಕಡೆ ಸಾಗಬೇಕು. ಇವತ್ತು ಅದೂ ಮರೆತುಹೋಯಿತು. ಎಡತುದಿಯಿಂದಲೇ ಅಚ್ಚು ಇಟ್ಟು ಇಟ್ಟು ಹೊಡೆದಳು. ಏಳು, ಮೂರು, ಒಂಬತ್ತು...

ಏಳನೆಯ ಅಂಕಿ ಮುಗಿದಾಗ ಹಿತ್ತಾಳೆಯೂ ಮುಗಿದಿತ್ತು. ಕೊನೆಯ ಅಂಕಿ ಮೂರಕ್ಕೆ ಎಳ್ಳಷ್ಟೂ ಜಾಗವಿಲ್ಲ.

ಕಣ್ಣು ತುಂಬಿ ಬಂತು. ಅವಳ ಕೈಕೆಲಸದಲ್ಲಿ ಇದುವರೆಗೆ ತಪ್ಪು ತೋರಿಸಿದವರಿಲ್ಲ. ಇವನ ಎದುರಿಗೇ ಹೀಗಾಗಬೇಕೇ?

"ಒಂದು ಅಂಕಿ ಕಮ್ಮಿಯಾಯ್ತು, ಈ ನಂಬರಿಗೆ ಮಾಡಿದ್ರೆ ನಿಮ್ಮವರಿಗೆ ಫೋನ್ ಹೋಗಲ್ಲ. ಹೊಸದು ಮಾಡಿಕೊಡ್ತೀನಿ, ನಾಳೆ ಬನ್ನಿ."

"ಯಾರಿಗೆ ಫೋನು?" ಅವನು ಕಕ್ಕಾಬಿಕ್ಕಿಯಾದ. ಆಮೇಲೆ ಅರ್ಥವಾಗಿ ಮೆಲ್ಲಗೆ ನಕ್ಕ.

ಅದು ಫೋನ್ ನಂಬರಲ್ಲವಂತೆ. ಒಂದರಿಂದ ಮತ್ತು ತನ್ನಿಂದಲ್ಲದೆ ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಅವಿಭಾಜ್ಯ ಸಂಖ್ಯೆಯಂತೆ. ಕೊನೆಯ ಮೂರು ಬಿದ್ದುಹೋದರೂ, ಉಳಿದ 7393913 ಕೂಡ ಹಾಗೆಯೇ. ಅವನು ಹೆಬ್ಬೆರಳಿನಿಂದ ಬಲತುದಿಯ ಅಂಕಿಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದ. 739391. 73939. 7393. 739. 73. ಯಾವುದೂ ಒಡೆಯಲಿಲ್ಲ. ಕೊನೆಗೆ ಏಳೊಂದೇ ಉಳಿಯಿತು, ಅದೂ ಗಟ್ಟಿ.

"ಇಂಥ ಗುಣ ಇರೋ ಸಂಖ್ಯೆಗಳಲ್ಲಿ ಚೀಟಿಯ ಆ ಎಂಟಂಕಿಯದೇ ಎಲ್ಲಕ್ಕಿಂತ ದೊಡ್ಡದು. ಇದಕ್ಕಿಂತ ಮುಂದೆ ಒಂದೂ ಇಲ್ಲ."

ಅವಳು ಬೆರಗಾಗಿ ನೋಡಿದಳು. ಅಜ್ಜಿಯ ಕಥೆಯಲ್ಲಿ ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಇನ್ನೊಂದು, ಎಲ್ಲಕ್ಕಿಂತ ಒಳಗೆ ಗಿಳಿಯಲ್ಲಿಟ್ಟ ರಾಕ್ಷಸನ ಜೀವ. ಈ ಅಂಕಿಗಳ ಪೆಟ್ಟಿಗೆಯನ್ನು ಯಾರು ಮಾಡಿಟ್ಟರೋ!

"ಇಷ್ಟು ಉದ್ದದ್ದನ್ನೇ ಯಾಕೆ ಆರಿಸಿದ್ರಿ ಮೇಷ್ಟ್ರೇ? ಬರೀ ಏಳು ಹೊಡೆಸಿದ್ರೆ ಸಾಕಿತ್ತಲ್ಲ."

ಅವನ ಕಿವಿ ಕೆಂಪಾಯಿತು. "ಏಳಾದ್ರೆ ಒಂದೇ ಏಟಿಗೆ ಮುಗಿದುಹೋಗ್ತಿತ್ತು. ಎಂಟು ಅಂಕಿ ಅಂದ್ರೆ... ಅಷ್ಟು ಹೊತ್ತು ನಿಮ್ಮ ಪಕ್ಕ ನಿಂತಿರಬಹುದಿತ್ತು. ಕಿಟಕಿ ನನ್ನ ತರಗತಿಗೂ ಇದೆ."

ಅವಳು ತಲೆ ತಗ್ಗಿಸಿ ಫಲಕವನ್ನು ತಿರುಗಿಸಿದಳು. ಹಿಂಬದಿ ಖಾಲಿಯಿತ್ತು, ಹೊಳೆಯುತ್ತಿತ್ತು.

"ಈ ಕಡೆ ಏನು ಹೊಡೀಲಿ?"

"ಮುಂದೆ ನಮ್ಮ ಮನೆ ಬಾಗಿಲಿಗೆ ಬೇಕಾಗುತ್ತೆ. ನಿಮಗೆ ಒಪ್ಪಿಗೆಯಾದ್ರೆ... ಇಬ್ಬರ ಹೆಸರು."

ಅವಳು ಅಳತೆಪಟ್ಟಿ ಎತ್ತಿಕೊಂಡಳು.

"ಹಾಗಾದ್ರೆ ಈ ಸಲ ನಡುವಿನಿಂದಲೇ ಗುರುತು ಹಾಕ್ತೀನಿ. ಇಬ್ಬರಲ್ಲಿ ಯಾರೂ ತುದಿಯಿಂದ ಬಿದ್ದುಹೋಗಬಾರದು."