ಗುಡ್ಡದ ಮೇಲಿನ ಮೂರು ರೆಕ್ಕೆಗಳು

ಮಮದಾಪುರದ ಗುಡ್ಡದ ಮೇಲಿಂದ ಗಾಳಿಯಂತ್ರದ ಮೂರು ಹಳೆಯ ರೆಕ್ಕೆಗಳು ಕಾಣೆಯಾಗಿದ್ದವು. ಒಂದೊಂದೂ ಎರಡು ಬಸ್ಸು ಸಾಲಾಗಿ ನಿಲ್ಲಿಸಿದಷ್ಟು ಉದ್ದ. ಅವು ಬಿದ್ದಿದ್ದ ಜಾಗದಲ್ಲಿ ಹುಲ್ಲು ಹಳದಿಯಾಗಿ ಮೂರು ಪಟ್ಟೆ ಉಳಿದಿದ್ದವು, ಅಷ್ಟೆ.

ದೂರು ಕೊಟ್ಟವನು ಈಶ್ವರ. ಕೆಲಸ ಮುಗಿದ ರೆಕ್ಕೆಗಳನ್ನು ತುಂಡು ಮಾಡಿ, ಸಿಮೆಂಟ್ ಕಾರ್ಖಾನೆಯ ಭಟ್ಟಿಯಲ್ಲಿ ಸುಡಲು ಸಾಗಿಸುವ ಗುತ್ತಿಗೆ ಅವನದು. ಪಿಎಸ್‌ಐ ವಿಜಯಲಕ್ಷ್ಮಿ ಗುಡ್ಡದ ತಿರುವಿನವರೆಗೂ ನಡೆದು ನೋಡಿದರು. ಉದ್ದನೆಯ ಲಾರಿ ತಿರುಗಿದ ಗುರುತು ಎಲ್ಲೂ ಇರಲಿಲ್ಲ.

ಯಾರ ಮೇಲಾದರೂ ಸಂಶಯವಿದೆಯೇ ಎಂದು ಕೇಳಿದರು.

"ಕುಲಗೋಡದ ಮಾಲಿಂಗ ಇಲ್ಲೇ ಕುರಿ ಮೇಯಿಸಾಕ ಬರ್ತಾನ್ರಿ," ಎಂದ ಈಶ್ವರ. "ಅವನ ಕುರಿ ದಡ್ಡಿ ನೋಡ್ರಿ, ತಿಳೀತೈತಿ."

ಮಾಲಿಂಗನ ಕುರಿದಡ್ಡಿಗೆ ಬಿಳಿಯ ಬಾಗಿದ ಹಲಗೆಯೊಂದು ಚಾವಣಿಯಾಗಿತ್ತು. ರೆಕ್ಕೆಯದೇ ತುಂಡು. ಹೋದ ತಿಂಗಳು ಈಶ್ವರನೇ ಕೊಟ್ಟನೆಂದು ಮಾಲಿಂಗ ಹೇಳಿದ. ಈಶ್ವರ ತಲೆಯಾಡಿಸಿ ಕೊಟ್ಟಿಲ್ಲವೆಂದ. ಸಾಕ್ಷಿ ಇರಲಿಲ್ಲ. ಮಾಲಿಂಗನನ್ನು ಠಾಣೆಗೆ ಕರೆದೊಯ್ದರು.

*

ವಿಜಯಲಕ್ಷ್ಮಿಯವರಿಗೆ ಮನಸ್ಸು ಒಪ್ಪಲಿಲ್ಲ. ಗೋಕಾಕ, ಹುಕ್ಕೇರಿಯ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದರು. ರೆಕ್ಕೆಯಲ್ಲಿ ಕಬ್ಬಿಣವಿಲ್ಲ, ತಾಮ್ರವಿಲ್ಲ ಎಂದರು ಎಲ್ಲರೂ.

"ಪುಕ್ಕಟೆ ಕೊಟ್ರೂ ಒಲ್ಲೆ ಅಂತೇನ್ರಿ," ಎಂದ ಹುಕ್ಕೇರಿಯ ವ್ಯಾಪಾರಿ. "ಕರಗೂದಿಲ್ಲ, ಬಗ್ಗೂದಿಲ್ಲ. ಇಡಾಕ ಜಾಗಾ ಎಲ್ಲೈತಿ?"

ಯಾರಿಗೂ ಬೇಡದ ವಸ್ತುವನ್ನು ಕದಿಯುವವರು ಯಾರು?

*

ಮೂರನೆಯ ದಿನ ಅವರು ಮತ್ತೆ ಕುಲಗೋಡಕ್ಕೆ ಹೋದರು. ಮಾಲಿಂಗನ ತಾಯಿ ಸತ್ತೆವ್ವ ಕಟ್ಟೆಯ ಮೇಲೆ ಉಣ್ಣೆ ಬಿಡಿಸುತ್ತಿದ್ದಳು. ಬೆರಳ ತುದಿಗಳು ಕೆಂಪಗೆ ಬಾತಿದ್ದವು. ಎಂಟು ದಿನದಿಂದ ಕುರಿಗಳು ಕಂಬಕ್ಕೆ ಮೈ ಉಜ್ಜುತ್ತಲೇ ಇವೆ ಎಂದಳು. ಆಮೇಲೆ ಉಣ್ಣೆಯಿಂದ ಹೊಳೆಯುವ ಬಿಳಿ ಎಳೆಯೊಂದನ್ನು ಎಳೆದು ತೋರಿಸಿದಳು.

"ಇದು ಕುರಿ ಮೈಯಾಗ ಹುಟ್ಟಿದ್ದಲ್ರಿ ಮೇಡಮ್ಮಾರ."

ಕಡ್ಡಿ ಗೀರಿ ಉಣ್ಣೆಗೆ ಹಿಡಿದಳು. ಉಣ್ಣೆ ಚುರುಟಿತು, ಕೂದಲು ಸುಟ್ಟ ವಾಸನೆ ಬಂತು. ಬಿಳಿ ಎಳೆಗೆ ಬೆಂಕಿ ಹತ್ತಲೇ ಇಲ್ಲ. ಅದು ಗಾಜಿನ ಎಳೆ. ರೆಕ್ಕೆಗಳು ಇಂಥ ಎಳೆಗಳಿಂದಲೇ ಆದವು.

ಕುರಿಗಳು ಮಧ್ಯಾಹ್ನ ಎಲ್ಲಿ ಮಲಗುತ್ತವೆ ಎಂದು ವಿಜಯಲಕ್ಷ್ಮಿ ಕೇಳಿದರು.

"ಗುಡ್ಡದ ಹಿಂದ ಗರಸುಮಣ್ಣ ಅಗದ ಹಳೇ ಗುಂಡಿ ಐತಲ್ರಿ, ಅಲ್ಲಿ. ಯಾರೋ ಹೊಸಾ ಮಣ್ಣು ಹಾಕ್ಯಾರ. ಮೆತ್ತಗೈತಿ ಅಂತ ಅದರಾಗಽ ಹೊರಳ್ಯಾಡ್ತಾವ."

*

ಮರುದಿನ ಬೆಳಿಗ್ಗೆ ಜೆಸಿಬಿ ಬಂತು. ಈಶ್ವರನನ್ನೂ ಕರೆಸಿದ್ದರು. ಆಳೆತ್ತರ ಅಗೆಯುವಷ್ಟರಲ್ಲಿ ಬಿಳಿ ತುಂಡುಗಳು ಕಂಡವು. ಪ್ರತಿ ರೆಕ್ಕೆಯ ಬುಡದಲ್ಲಿ ಒಂದು ನಂಬರು. ದೂರಿನಲ್ಲಿದ್ದ ಮೂರೂ ನಂಬರು ಸಿಕ್ಕವು. ಚಾಲಕ ಯಂತ್ರ ನಿಲ್ಲಿಸಿದ.

"ಇನ್ನೂ ಅಗಿ," ಎಂದರು ವಿಜಯಲಕ್ಷ್ಮಿ.

ನಾಲ್ಕನೆಯ ನಂಬರು ಬಂತು. ಐದನೆಯದು ಬಂತು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ನಂಬರು ಸಿಕ್ಕಿದ್ದವು.

ವಿಜಯಲಕ್ಷ್ಮಿ ತಮ್ಮ ಲೆಕ್ಕಾಚಾರ ಬಿಡಿಸಿ ಹೇಳಿದರು. ಕದ್ದವನು ಮಾರಬೇಕು, ಇದನ್ನು ಕೊಳ್ಳುವವರೇ ಇಲ್ಲ. ಇಡಿಯಾಗಿ ಒಯ್ಯಬೇಕೆಂದರೆ ಉದ್ದನೆಯ ಲಾರಿ ಬೇಕು. ಅದು ಬಂದ ಗುರುತಿಲ್ಲ. ಹಾಗಾದರೆ ಇಲ್ಲಿಯೇ ಕತ್ತರಿಸಿರಬೇಕು. ಕತ್ತರಿಸುವ ಯಂತ್ರ ಗುಡ್ಡದ ಮೇಲೆ ಒಂದೇ ಇತ್ತು, ಈಶ್ವರನದು.

ಈಶ್ವರ ಒಪ್ಪಿಕೊಂಡ. ಸಾಗಿಸುವ, ಸುಡುವ ಖರ್ಚು ಉಳಿಸಲು ಒಂದು ವರ್ಷದಿಂದ ರೆಕ್ಕೆಗಳನ್ನು ಹೂಳುತ್ತಿದ್ದ. ಭಟ್ಟಿಯಲ್ಲಿ ಸುಟ್ಟೆವೆಂದು ಗಾಳಿಯಂತ್ರದ ಕಂಪನಿಗೆ ಸುಳ್ಳು ಕಾಗದ ಕಳಿಸುತ್ತಿದ್ದ. ಈ ಮೂರನ್ನೂ ಹೂತಾದ ಮೇಲೆ ಸುದ್ದಿ ಬಂತು: ಈ ಸಲ ಕಂಪನಿಯ ಅಧಿಕಾರಿಯೇ ಲಾರಿಯ ಜೊತೆ ಬರುತ್ತಾರಂತೆ. ತೋರಿಸಲು ರೆಕ್ಕೆಗಳಿರಲಿಲ್ಲ. ಕಳವಿನ ದೂರು ಕೊಟ್ಟ. ಮಾಲಿಂಗನಿಗೆ ತಾನೇ ಕೊಟ್ಟಿದ್ದ ತುಂಡು ಆಗ ನೆನಪಾಯಿತು.

*

ಸಂಜೆ ವಿಜಯಲಕ್ಷ್ಮಿ ಮಾಲಿಂಗನನ್ನು ಜೀಪಿನಲ್ಲಿ ಮನೆಗೆ ಬಿಟ್ಟರು. ಸತ್ತೆವ್ವ ಮಗನ ಬೆನ್ನು ಸವರಿದಳು. ಆಮೇಲೆ ಕೇಳಿದಳು: "ಆ ಗುಂಡಿ ಮತ್ತ ಮುಚ್ಚತಾರೇನ್ರಿ?"

"ಕಡೀ ತುಂಡು ಭಟ್ಟಿಗೆ ಹೋಗೂತನಕ ಮುಚ್ಚೂದಿಲ್ಲ ಯವ್ವಾ. ಲಾರಿ ಹಿಂದ ನಾನಽ ಹೋಗ್ತೇನಿ."

ಐದು ದಿನ ಬಿಟ್ಟು ತುಂಡುಗಳನ್ನು ಹೊತ್ತ ಲಾರಿಗಳು ಗುಡ್ಡ ಇಳಿದವು. ಹಿಂದೆ ಪೊಲೀಸ್ ಜೀಪು. ಅದರ ಹಿಂದಿನ ಸೀಟಿನಲ್ಲಿ ಸತ್ತೆವ್ವ ಕೂತಿದ್ದಳು. ಸುಟ್ಟದ್ದನ್ನು ಕಣ್ಣಾರೆ ನೋಡದೆ ಊರಿಗೆ ಮರಳುವುದಿಲ್ಲ ಎಂದು ಹಟ ಹಿಡಿದು ಹೊರಟಿದ್ದಳು.