ಸೆರಗಿನ ಸೇತುವೆ ಮೇಲೆ ನಿಂತವನು

ದೊಡ್ಡಬಳ್ಳಾಪುರದಲ್ಲಿ ನಮ್ಮದು ಪವರ್‌ಲೂಮ್ ಮನೆ. ಹೋದ ವರ್ಷ ಬೆಂಗಳೂರಿನ ಅನಿತ ಮೇಡಂ ಒಂದು ರೇಷ್ಮೆ ಸೀರೆ ನೇಯಲು ಹೇಳಿದರು. ಸೆರಗಿನಲ್ಲಿ ಬೀಜಿಂಗಿನ ಹಳೇ ಅರಮನೆಯ ತೋಟ, ಕೊಳ, ಸೇತುವೆ ಬರಬೇಕಿತ್ತು. ಮೇಡಂ ಹೇಳಿದ ಪ್ರಕಾರ, ಆ ಅರಮನೆ ಕಟ್ಟಿಸಿದ ಮಂತ್ರಿಗೆ ನೇಣು ಹಾಕಿಕೊಳ್ಳಲು ಚಕ್ರವರ್ತಿಯೇ ರೇಷ್ಮೆ ವಸ್ತ್ರ ಕಳಿಸಿದ್ದನಂತೆ. ಆಮೇಲೆ ಅದು ರಾಜಕುಮಾರನೊಬ್ಬನ ಪಾಲಾಯಿತಂತೆ.

ಮೊದಲ ಸೆರಗಿನಲ್ಲೇ ಸೇತುವೆ ಮೇಲೆ ಒಬ್ಬ ಬೆನ್ನು ತಿರುಗಿಸಿ ನಿಂತಿದ್ದ. ಡಿಸೈನ್ ಮಾಡಿಕೊಟ್ಟ ಹುಡುಗನನ್ನು ಕರೆದು ಕೇಳಿದೆ.

"ಲೇ ಚೌಡೇಶ, ಡಿಸೈನ್‌ನಲ್ಲಿ ಇವನನ್ನ ಯಾಕೋ ಹಾಕ್ದೆ?"

"ನಾನು ಹಾಕಿಲ್ಲ ಕಣಣ್ಣ. ಕಂಪ್ಯೂಟರ್‌ನಲ್ಲಿ ನೀನೇ ನೋಡು, ಸೇತುವೆ ಖಾಲಿ ಇದೆ."

ಕತ್ತರಿಸಿ ಮತ್ತೆ ನೇಯ್ದೆ. ಮತ್ತೆ ಬಂದ. ಮಗ್ಗ ಬದಲಾಯಿಸಿದೆ, ರೇಷ್ಮೆ ಹಾಳಾಯಿತೇ ಹೊರತು ಅವನು ಹೋಗಲಿಲ್ಲ. ಏಪ್ರಿಲ್ ಬಿಸಿಲಲ್ಲೂ ಸೆರಗಿನಲ್ಲಿ ಅವನಿದ್ದ ಜಾಗ ಒದ್ದೆ ಬಟ್ಟೆಯ ಹಾಗೆ ತಣ್ಣಗಿತ್ತು. ಸಾಲದ್ದಕ್ಕೆ, ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಈ ಕಡೆ ತಿರುಗುತ್ತಿದ್ದ.

ರೋಸಿಹೋಗಿ, ನೀವೇ ಬಂದು ನೋಡಿ ಎಂದು ಮೇಡಂಗೆ ಫೋನ್ ಮಾಡಿದೆ. ಅವರು ಸೆರಗು ಬಿಡಿಸಿ, "ಚೆನ್ನಾಗೇ ಇದೆಯಲ್ರೀ, ಯಾರಿದ್ದಾರೆ ಇಲ್ಲಿ?" ಎಂದರು. ನಿಜಕ್ಕೂ ಯಾರೂ ಇರಲಿಲ್ಲ. ಕತ್ತರಿಸಿದ ತುಂಡುಗಳಲ್ಲೂ ಇರಲಿಲ್ಲ. ಮೇಡಂ ನಗುತ್ತಾ ಸೀರೆ ತೆಗೆದುಕೊಂಡು ಹೋದರು. ನನಗೆ ಅವಮಾನದಿಂದ ಮೈ ಉರಿಯಿತು.

ಈಗ ಮಗ್ಗಗಳು ಸರಿಯಾಗೇ ನಡೆಯುತ್ತಿವೆ. ಆದರೆ ನನ್ನ ಹೆಂಡತಿ ಬನಶಂಕರಿ ಮಗ್ಗದ ಮನೆಗೆ ಬರುವಾಗೆಲ್ಲ ಬಾಗಿಲಲ್ಲಿ ಪಕ್ಕಕ್ಕೆ ಸರಿದು, ಯಾರಿಗೋ ದಾರಿ ಬಿಟ್ಟು ಒಳಗೆ ಬರುತ್ತಾಳೆ. ಕೇಳಿದರೆ, "ನಾನೆಲ್ಲಿ ಸರಿದೆ?" ಅನ್ನುತ್ತಾಳೆ.